ಟ್ರ್ಯಾಕ್ಟರ್ ರೈತನದು, ಬೀಗದ ಕೈ ಯಾರದು?

ಮುಂಬಯಿ: ರಜೆಯಲ್ಲಿ ಊರಿಗೆ ಹೋದ ಹೊರನಾಡ ಕನ್ನಡಿಗರ ಮುಂದೆ ಮನೆಯವರು ಇಡುವ ಬೇಡಿಕೆಗಳಲ್ಲಿ ಟ್ರ್ಯಾಕ್ಟರ್ ಕೂಡ ಒಂದು. ಆಳುಗಳು ಸಿಗುವುದಿಲ್ಲ, ಎತ್ತು ಸಾಕುವುದು ಕಷ್ಟ, ಒಂದು ಟ್ರ್ಯಾಕ್ಟರ್ ಬಂದರೆ ಹೊಲ ಪಾಳು ಬೀಳದೆ ಉಳಿದೀತು ಎಂಬುದು ಅವರ ವಾದ. ನಗರದಲ್ಲಿ ದುಡಿದ ಹಣ ಹೀಗೆ ಊರಿನ ಮಣ್ಣಿಗೆ ಮರಳುವುದು ಸಂತೋಷದ ಸಂಗತಿಯೇ ಸರಿ. ಆದರೆ ಷೋರೂಮಿನಲ್ಲಿ ಹೇಳುವ ಬೆಲೆಯೇ ಟ್ರ್ಯಾಕ್ಟರಿನ ಪೂರ್ತಿ ಬೆಲೆಯಲ್ಲ ಎಂಬುದಕ್ಕೆ ಅಮೆರಿಕದ ರೈತರ ಅನುಭವ ಒಳ್ಳೆಯ ಉದಾಹರಣೆಯಾಗಿದೆ.

ಚಾಲಕನೇ ಬೇಡದ ಯಂತ್ರ

ಅಮೆರಿಕದ ಒಂದು ಜಮೀನಿನ ಸರಾಸರಿ ವಿಸ್ತೀರ್ಣ 2022ರ ಕೃಷಿ ಗಣತಿಯಂತೆ 463 ಎಕರೆ. ಅಷ್ಟು ದೊಡ್ಡ ಹೊಲದಲ್ಲಿ ಓಡುವ ಟ್ರ್ಯಾಕ್ಟರ್ ಉಪಗ್ರಹದ ಸಂಕೇತ ಹಿಡಿದು ತಾನೇ ಸ್ಟಿಯರಿಂಗ್ ತಿರುಗಿಸಿಕೊಳ್ಳುತ್ತದೆ. ಸಾಲಿನಿಂದ ಒಂದೆರಡು ಅಂಗುಲವೂ ಆಚೀಚೆ ಸರಿಯದಂತೆ ನಡೆಯುವುದರಿಂದ ಉತ್ತ ಜಾಗವನ್ನೇ ಮತ್ತೆ ಉಳುವುದು, ಬಿತ್ತಿದಲ್ಲೇ ಮತ್ತೆ ಬಿತ್ತುವುದು ತಪ್ಪುತ್ತದೆ. ಡೀಸೆಲ್, ಬೀಜ, ಗೊಬ್ಬರ ಉಳಿಯುತ್ತವೆ. 2022ರ ಜನವರಿಯಲ್ಲಿ ಜಾನ್ ಡಿಯರ್ ಕಂಪೆನಿಯು ಆರು ಜೊತೆ ಕ್ಯಾಮರಾಗಳ ನೆರವಿನಿಂದ ಚಾಲಕನಿಲ್ಲದೆಯೇ ಉಳುವ ಟ್ರ್ಯಾಕ್ಟರನ್ನು ಅನಾವರಣಗೊಳಿಸಿತು. ಈ ವರ್ಗದ ದೊಡ್ಡ ಟ್ರ್ಯಾಕ್ಟರುಗಳ ಬೆಲೆ ನಾಲ್ಕೈದು ಲಕ್ಷ ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಮೂರು ನಾಲ್ಕು ಕೋಟಿ ರೂಪಾಯಿಗೂ ಮಿಕ್ಕಿದ್ದು. ಇದಲ್ಲದೆ ಕೆಲವು ಸೌಲಭ್ಯಗಳಿಗೆ ಎಕರೆ ಲೆಕ್ಕದಲ್ಲಿ ಬೇರೆಯೇ ಶುಲ್ಕ ತೆರಬೇಕಾಗುತ್ತದೆ.

ಸ್ಪ್ಯಾನರ್ ಸಾಲದು

ಇಷ್ಟು ಹಣ ಕೊಟ್ಟ ಮೇಲೂ ಯಂತ್ರ ಪೂರ್ತಿ ತನ್ನದಾಗಲಿಲ್ಲ ಎಂಬುದೇ ಅಲ್ಲಿನ ರೈತನ ಅಳಲು. ಹಿಂದೆ ಟ್ರ್ಯಾಕ್ಟರ್ ಕೆಟ್ಟರೆ ರೈತನೇ ಸ್ಪ್ಯಾನರ್ ಹಿಡಿದು ಬಿಚ್ಚುತ್ತಿದ್ದ, ಇಲ್ಲವೇ ಊರಿನ ಮೆಕ್ಯಾನಿಕನನ್ನು ಕರೆಯುತ್ತಿದ್ದ. ಈಗ ಒಂದು ಸೆನ್ಸರ್ ಕೈಕೊಟ್ಟರೂ ಇಂಜಿನ್ ತನ್ನ ಶಕ್ತಿಯನ್ನು ಕುಗ್ಗಿಸಿಕೊಳ್ಳಬಹುದು, ನಿಂತೇ ಬಿಡಬಹುದು. ದೋಷವನ್ನು ಪೂರ್ತಿಯಾಗಿ ಪತ್ತೆಹಚ್ಚುವ ಸಾಫ್ಟ್‌ವೇರ್ ಇರುವುದು ಕಂಪೆನಿಯ ಅಧಿಕೃತ ಡೀಲರನ ಬಳಿ. ಕೊಯ್ಲಿನ ದಿನಗಳಲ್ಲಿ ಮಳೆ ಮೋಡ ಕವಿದಿರುವಾಗ ಡೀಲರನಿಗಾಗಿ ಕಾಯುವ ಒಂದೊಂದು ದಿನವೂ ನಷ್ಟವೇ.

ಇದರಿಂದ ಬೇಸತ್ತ ಅಮೆರಿಕದ ಮಧ್ಯಪಶ್ಚಿಮ ಭಾಗದ ರೈತರು 1970-80ರ ದಶಕದ ಹಳೆಯ ಟ್ರ್ಯಾಕ್ಟರುಗಳನ್ನು ಹುಡುಕಿಕೊಂಡು ಹರಾಜಿಗೆ ಹೋಗತೊಡಗಿದ್ದು 2020ರ ವೇಳೆಗೆ ಅಲ್ಲಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. 2022ರಲ್ಲಿ ಯುಕ್ರೇನಿನ ಮೆಲಿಟೋಪೋಲ್ ನಗರದ ಡೀಲರನಿಂದ ರಷ್ಯಾದ ಸೈನಿಕರು ಸಾಗಿಸಿದ ಕೃಷಿ ಯಂತ್ರಗಳನ್ನು ದೂರದಿಂದಲೇ ನಿಷ್ಕ್ರಿಯಗೊಳಿಸಿದ ಸುದ್ದಿಯೂ ಬಂತು. ಕಳ್ಳರಿಗೆ ತಕ್ಕ ಶಾಸ್ತಿಯಾಯಿತೆಂದು ಜನ ಮೆಚ್ಚಿದರು. ಆದರೆ ಎಲ್ಲೋ ಕುಳಿತು ಯಂತ್ರಕ್ಕೆ ಬೀಗ ಹಾಕಬಹುದು ಎಂಬ ಮಾತು ರೈತರನ್ನು ಯೋಚಿಸುವಂತೆ ಮಾಡಿದ್ದು ಸುಳ್ಳಲ್ಲ.

ಹೋರಾಟಕ್ಕೆ ಫಲವೂ ಸಿಕ್ಕಿದೆ. 2023ರಲ್ಲಿ ಕೊಲರಾಡೊ ರಾಜ್ಯವು ರೈತರಿಗೆ ತಮ್ಮ ಯಂತ್ರವನ್ನು ತಾವೇ ದುರಸ್ತಿ ಮಾಡಿಕೊಳ್ಳುವ ಹಕ್ಕು ನೀಡುವ ಕಾನೂನು ತಂದಿತು. ಕೃಷಿ ಯಂತ್ರಗಳಿಗೆ ಸಂಬಂಧಿಸಿ ಅಮೆರಿಕದಲ್ಲಿ ಇದೇ ಮೊದಲು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎರಡು ರಾಜ್ಯಗಳೊಡಗೂಡಿ ಜಾನ್ ಡಿಯರ್ ವಿರುದ್ಧ ಇದೇ ವಿಷಯದಲ್ಲಿ ದಾವೆ ಹೂಡಿತು. ಕಂಪೆನಿಯು ಆರೋಪವನ್ನು ಅಲ್ಲಗಳೆದಿದೆ.

ನಮ್ಮಲ್ಲಿ ಹೇಗೆ?

ಟ್ರ್ಯಾಕ್ಟರಿನ ನಂಟು ಮಹಾರಾಷ್ಟ್ರದ ಕನ್ನಡಿಗರಿಗೆ ಹೊಸತಲ್ಲ. ಮಹೀಂದ್ರ ಟ್ರ್ಯಾಕ್ಟರುಗಳ ಇತಿಹಾಸ 1960ರ ದಶಕದಲ್ಲಿ ಆರಂಭವಾಗುವುದು ಮುಂಬಯಿಯ ಕಾಂದಿವಲಿಯಿಂದ. ಜಾನ್ ಡಿಯರ್ ಕಾರ್ಖಾನೆ ಪುಣೆಯ ಸಮೀಪದ ಸಣಸವಾಡಿಯಲ್ಲಿದೆ. ಭಾರತದಲ್ಲಿ ಮಾರಾಟವಾಗುವ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು 50 ಅಶ್ವಶಕ್ತಿಯ ಒಳಗಿನವು. ಇವು ಸರಳ ಯಂತ್ರಗಳಾದುದರಿಂದ ತಾಲೂಕು ಕೇಂದ್ರದ ಗ್ಯಾರೇಜಿನಲ್ಲಿಯೇ ದುರಸ್ತಿಯಾಗುತ್ತವೆ. ಆದರೆ ಗಾಳಿ ಬೀಸುವ ದಿಕ್ಕು ಬದಲಾಗುತ್ತಿದೆ. ಮಹೀಂದ್ರ 2017ರಲ್ಲಿಯೇ ಚಾಲಕರಹಿತ ಟ್ರ್ಯಾಕ್ಟರಿನ ಮಾದರಿಯನ್ನು ಪ್ರದರ್ಶಿಸಿತ್ತು. 50 ಅಶ್ವಶಕ್ತಿಗೂ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಅವುಗಳ ಇಂಜಿನ್ ಎಲೆಕ್ಟ್ರಾನಿಕ್ ಹಿಡಿತಕ್ಕೆ ಬಂದಿದೆ, ಬೆಲೆಯೂ ಏರಿದೆ.

ಇತ್ತ 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಸಮಾಧಾನದ ವಿಷಯ. ತೆರಿಗೆ ಬಿಟ್ಟು 6 ಲಕ್ಷ ರೂ. ಬೆಲೆಯ ಟ್ರ್ಯಾಕ್ಟರಿಗೆ ಇದರಿಂದ 42 ಸಾವಿರ ರೂ. ಉಳಿತಾಯ.

ಸಹಿ ಹಾಕುವ ಮುನ್ನ

ಹಾಗಿದ್ದರೂ 2015-16ರ ಕೃಷಿ ಗಣತಿಯಂತೆ ದೇಶದ ರೈತನ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಮೂರು ಎಕರೆಗೂ ಕಡಿಮೆ. ವರ್ಷದಲ್ಲಿ ಕೆಲವೇ ದಿನ ಉತ್ತು ಉಳಿದ ದಿನ ಕೊಟ್ಟಿಗೆಯಲ್ಲಿ ನಿಲ್ಲುವ ಯಂತ್ರಕ್ಕೆ ಬ್ಯಾಂಕಿನ ಬಡ್ಡಿ ಮಾತ್ರ ರಜೆಯಿಲ್ಲದೆ ಓಡುತ್ತಿರುತ್ತದೆ. ಕರ್ನಾಟಕ ಸರಕಾರವು 2014ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯಡಿ ಟ್ರ್ಯಾಕ್ಟರ್ ಮತ್ತಿತರ ಯಂತ್ರಗಳು ಬಾಡಿಗೆಗೆ ಸಿಗುತ್ತವೆ. ಸಣ್ಣ ಹಿಡುವಳಿಯವರಿಗೆ ಇದೇ ಲೇಸು. ನಾಲ್ಕಾರು ಮನೆಯವರು ಸೇರಿ ಒಂದನ್ನು ಕೊಳ್ಳುವುದೂ ಜಾಣತನವೇ.

ಕೊಳ್ಳಲೇಬೇಕೆಂದಿದ್ದರೆ ಅಶ್ವಶಕ್ತಿ, ಮೈಲೇಜು ಕೇಳಿದಂತೆಯೇ ಇನ್ನೂ ಮೂರು ಪ್ರಶ್ನೆ ಕೇಳುವುದು ಒಳಿತು. ಕೆಟ್ಟರೆ ಊರಿನ ಮೆಕ್ಯಾನಿಕ್ ಸರಿಪಡಿಸಬಲ್ಲನೇ? ಬಿಡಿಭಾಗ ಎಷ್ಟು ದೂರದಲ್ಲಿ ಸಿಗುತ್ತದೆ? ಈಗ ಉಚಿತವೆನ್ನುವ ಸೌಲಭ್ಯಕ್ಕೆ ಮುಂದೆ ವರ್ಷವರ್ಷವೂ ಹಣ ಕಟ್ಟಬೇಕೇ? ಹಣ ಕಳುಹಿಸುವವರು ನಗರದಲ್ಲಿರುತ್ತಾರೆ, ಕೆಟ್ಟು ನಿಂತ ಟ್ರ್ಯಾಕ್ಟರಿನ ಪಕ್ಕದಲ್ಲಿ ಆಕಾಶ ನೋಡುತ್ತಾ ನಿಲ್ಲುವವರು ಊರಿನ ಅಣ್ಣತಮ್ಮಂದಿರು. ಯಾವ ಯಂತ್ರವೆಂದು ತೀರ್ಮಾನಿಸುವ ಮುನ್ನ ಅವರ ಮಾತನ್ನೊಮ್ಮೆ ಕೇಳುವುದು ಮೇಲು.