ಒಂದು ಕಿಮೊನೊಗೆ ಮೂರು ಒಬಿ

ಜಪಾನಿನಲ್ಲಿ ಕಿಮೊನೊ ಉಡುವವರ ನಡುವೆ ‘ಒಂದು ಕಿಮೊನೊಗೆ ಮೂರು ಒಬಿ’ ಎಂಬ ಮಾತು ಬಳಕೆಯಲ್ಲಿದೆ. ಒಬಿ ಎಂದರೆ ನಡುವಿಗೆ ಬಿಗಿದು ಕಟ್ಟುವ ಉದ್ದನೆಯ ಪಟ್ಟಿ. ಅದನ್ನು ಬದಲಿಸಿದರೆ ಸಾಕು, ಬೆಳಿಗ್ಗೆ ಪೇಟೆಗೆ ಉಟ್ಟುಹೋದ ಕಿಮೊನೊವನ್ನೇ ಸಂಜೆ ನಾಟಕಕ್ಕೂ ಉಡಬಹುದು. ಕೈಮಗ್ಗದ ಕಿಮೊನೊ ದುಬಾರಿ ನಿಜ, ಆದರೆ ಅದರ ಬಾಳಿಕೆಯೂ ದೊಡ್ಡದು. ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೊಮ್ಮೆ ಹೊರತೆಗೆಯುವುದಕ್ಕಿಂತ ಬಗೆಬಗೆಯಾಗಿ ಉಟ್ಟು ಓಡಾಡುವುದೇ ಅದಕ್ಕೆ ಸಲ್ಲುವ ಮರ್ಯಾದೆ.

ಎಲ್ಲ ಕಿಮೊನೊಗಳ ಹೊಲಿಗೆಯೂ ಹೆಚ್ಚುಕಡಿಮೆ ಒಂದೇ. ಸುಮಾರು 37 ಸೆಂ.ಮೀ. ಅಗಲ, 12 ಮೀಟರ್ ಉದ್ದದ ಒಂದು ಥಾನನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಹೊಲಿಯುತ್ತಾರೆ, ಬಟ್ಟೆ ಪೋಲಾಗುವುದಿಲ್ಲ. ಉಡುವಾಗ ಎಡಮಗ್ಗುಲು ಬಲದ ಮೇಲೆ ಬರಬೇಕು. ಬಲಮಗ್ಗುಲನ್ನು ಮೇಲೆ ತಂದು ಉಡಿಸುವುದು ಶವಕ್ಕೆ ಮಾತ್ರ, ಹಾಗಾಗಿ ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ. ಹೆಂಗಸರು ಹೆಚ್ಚಾದ ಉದ್ದವನ್ನು ಸೊಂಟದ ಬಳಿ ಮಡಿಸಿ ಹುರಿಯಿಂದ ಕಟ್ಟುತ್ತಾರೆ. ಈ ಮಡಿಕೆಯ ಹೆಸರು ಓಹಶೋರಿ. ಓಡಾಟ ಹೆಚ್ಚಿರುವ ದಿನ ಇದನ್ನು ತುಸು ಹೆಚ್ಚು ಎಳೆದು ಕಟ್ಟಿದರೆ ಕೆಳಗಿನ ಅಂಚು ಮೇಲೇರಿ ಮೆಟ್ಟಿಲು ಹತ್ತುವುದು ಸಲೀಸಾಗುತ್ತದೆ.

ದಿನಬಳಕೆಗೆ ಹೇಳಿಮಾಡಿಸಿದ ಕೈಮಗ್ಗದ ಬಟ್ಟೆ ತ್ಸುಮುಗಿ. ನಯವಾದ ಎಳೆ ಬಾರದ ಗೂಡುಗಳನ್ನು ರೇಷ್ಮೆ ಸಾಕುವವರು ಮನೆಬಳಕೆಗೆ ನೇಯ್ದುಕೊಳ್ಳುತ್ತಿದ್ದುದರಿಂದ ಹುಟ್ಟಿದ ಬಟ್ಟೆ ಇದು. ಇದರಲ್ಲಿ ಹೆಸರುವಾಸಿಯಾದದ್ದು ಇಬರಾಕಿ ಮತ್ತು ತೊಚಿಗಿ ಪ್ರಾಂತ್ಯಗಳ ಯೂಕಿ ತ್ಸುಮುಗಿ. ಬೇಯಿಸಿದ ಗೂಡನ್ನು ಅರಳೆಯಂತೆ ಹರಡಿ, ನೂಲುವವರು ಬೆರಳನ್ನು ಉಗುಳಿನಿಂದ ತೇವ ಮಾಡಿಕೊಳ್ಳುತ್ತ, ಹುರಿ ಹಾಕದೆ ಎಳೆ ತೆಗೆಯುತ್ತಾರೆ. ಆ ಎಳೆಯಲ್ಲಿ ಗಾಳಿ ಉಳಿಯುವುದರಿಂದ ಬಟ್ಟೆ ಹಗುರ, ಬೆಚ್ಚಗೆ. ಮೊದಮೊದಲು ಒರಟಾಗಿದ್ದದ್ದು ಉಟ್ಟಷ್ಟೂ ಒಗೆದಷ್ಟೂ ಮೆತ್ತಗಾಗುತ್ತ ಹೋಗುತ್ತದೆ. 2010ರಲ್ಲಿ ಯುನೆಸ್ಕೊ ಈ ಕಸುಬನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ದಕ್ಷಿಣದ ಅಮಾಮಿ ದ್ವೀಪದ ಓಶಿಮಾ ತ್ಸುಮುಗಿಗೆ ಕಪ್ಪು ಹೊಳಪು ಬರುವುದು ಮರದ ತೊಗರು ರಸ ಮತ್ತು ಕಬ್ಬಿಣದಂಶವಿರುವ ಕೆಸರಿನಲ್ಲಿ ಮತ್ತೆ ಮತ್ತೆ ಅದ್ದುವುದರಿಂದ. ಎರಡರಲ್ಲೂ ನೂಲನ್ನು ಮೊದಲೇ ಬಣ್ಣಕ್ಕೆ ಅದ್ದಿ ವಿನ್ಯಾಸ ಮೂಡಿಸುವ ಕಲೆಯಿದೆ. ನಮ್ಮ ಪೋಚಂಪಲ್ಲಿ ಮತ್ತು ಪಟೋಲಾ ಸೀರೆಗಳದ್ದೂ ಇದೇ ಜಾತಿಯ ಕೆಲಸ.

ಇಲ್ಲೊಂದು ಸೂಕ್ಷ್ಮವಿದೆ. ತ್ಸುಮುಗಿ ಎಷ್ಟೇ ಬೆಲೆ ಬಾಳಲಿ, ಮದುವೆಗೆ ಅದನ್ನು ಉಡುವ ರೂಢಿಯಿಲ್ಲ. ಬಣ್ಣದ ನೂಲಿನಿಂದ ನೇಯ್ದದ್ದು ಮಾಮೂಲಿ ದಿನಗಳಿಗೆ. ಬಿಳಿ ರೇಷ್ಮೆ ನೇಯ್ದ ಮೇಲೆ ಬಣ್ಣ ಹಾಕಿದ ಯೂಜೆನ್‌ನಂಥವು ಶುಭಕಾರ್ಯಗಳಿಗೆ. ಒಬಿಗೆ ಈ ಲೆಕ್ಕ ತಿರುಗುಮುರುಗು: ಅಲ್ಲಿ ನೇಯ್ದ ಒಬಿಯೇ ಗಂಭೀರ, ಬಣ್ಣ ಬರೆದ ಒಬಿ ಸಲೀಸು. ಹೀಗಾಗಿ ನೇಯ್ದ ಕಿಮೊನೊಗೆ ಬಣ್ಣ ಬರೆದ ಒಬಿ ಹೊಂದುತ್ತದೆ ಎನ್ನುತ್ತಾರೆ ಬಲ್ಲವರು.

ಪೇಟೆ, ಗೆಳತಿಯ ಮನೆ, ಸಂಜೆಯ ತಿರುಗಾಟಕ್ಕೆ ಹಾನ್‌ಹಬಾ ಒಬಿ ಸಾಕು. ಇದರ ಅಗಲ ಸುಮಾರು 16 ಸೆಂ.ಮೀ. ಫುಕುವೊಕಾದ ಹಕಾತಾ ನೇಯ್ಗೆಯ ಒಬಿಯಾದರೆ ಇನ್ನೂ ಒಳ್ಳೆಯದು. ದಟ್ಟವಾದ ಆ ರೇಷ್ಮೆಯನ್ನು ಬಿಗಿದಾಗ ಕಿರ್‍ರೆಂದು ಸದ್ದು ಮಾಡುತ್ತದೆ, ಒಮ್ಮೆ ಕಟ್ಟಿದರೆ ಸಡಿಲವಾಗುವುದಿಲ್ಲ. ಬೆನ್ನಿಗೆ ಚಪ್ಪಟೆಯಾಗಿ ಕೂರುವ ಕಾಯ್‌ನೊಕುಚಿ ಗಂಟು ಹಾಕಿದರೆ ರೈಲಿನಲ್ಲೋ ಕಾರಿನಲ್ಲೋ ಹಿಂದಕ್ಕೆ ಒರಗಿ ಕೂರಬಹುದು. ಕಾಲಿಗೆ ಮರದ ಗೆತಾ. ಅಡುಗೆಮನೆಗೆ ಹೋಗಬೇಕಾದರೆ ತಸುಕಿ ಎಂಬ ಉದ್ದ ಹುರಿಯನ್ನು ಹೆಗಲಿನಿಂದ ಹಾಯಿಸಿ ಬೆನ್ನ ಮೇಲೆ ಕತ್ತರಿಯಾಗಿ ಕಟ್ಟಿದರೆ ಜೋಲುವ ತೋಳು ಮೇಲೇರಿ ಎರಡೂ ಕೈ ಬಿಡುವಾಗುತ್ತವೆ.

ಊಟದ ಕೂಟ, ಚಿತ್ರಪ್ರದರ್ಶನ, ಕಬುಕಿ ನಾಟಕಕ್ಕೆ ಹೊರಟಾಗ ನಾಗೋಯಾ ಒಬಿ ಬರಬೇಕು. 20ನೇ ಶತಮಾನದ ಮೊದಲ ದಶಕಗಳಲ್ಲಿ ಬಳಕೆಗೆ ಬಂದ ಇದರಲ್ಲಿ ನಡುವಿಗೆ ಸುತ್ತುವ ಭಾಗವನ್ನು ಮೊದಲೇ ಮಡಿಸಿ ಹೊಲಿದಿರುವುದರಿಂದ ಕಟ್ಟುವುದು ಸುಲಭ. ಬೆನ್ನ ಮೇಲೆ ಚೌಕಾಕಾರದ ತಾಯ್ಕೊ ಗಂಟು, ಅದರ ಮೇಲಂಚಿನಲ್ಲಿ ಒಬಿಯಾಗೆ ಎಂಬ ಮೃದು ಬಟ್ಟೆ, ನಡುವೆ ಒಬಿಜಿಮೆ ಎಂಬ ಹೆಣೆದ ಹುರಿ. ಕಡುನೀಲಿ ತ್ಸುಮುಗಿಯ ಮೇಲೆ ಪ್ಲಮ್ ಹೂವಿನ ಚಿತ್ರವಿರುವ ಕೆನೆಬಣ್ಣದ ಒಬಿ ಕಟ್ಟಿದರೆ, ಹುರಿಗೆ ಆ ಹೂವಿನ ಕೆಂಪನ್ನೇ ಆರಿಸಿಕೊಳ್ಳಬಹುದು. ಇಡೀ ಉಡುಗೆಯನ್ನು ಒಂದುಗೂಡಿಸುವುದು ಆ ಬೆರಳಗಲದ ಹುರಿಯೇ. ನಾಟಕದಲ್ಲಿ ಮಾತ್ರ ಗಂಟು ನಲುಗದಂತೆ ಬೆನ್ನು ಕೊಡದೆ ಕೂರಬೇಕು.

ಚಹಾ ವಿಧಿಯ ಪಾಠಕ್ಕೆ ಹೋಗುವ ದಿನ ಕೊರಳಪಟ್ಟಿ ಅಚ್ಚಬಿಳಿ, ಒಬಿ ತಣ್ಣಗಿನ ಬಣ್ಣದ್ದು. ಬಟ್ಟಲಿಗೆ ಗೀರು ಬೀಳಬಾರದೆಂದು ಉಂಗುರ, ಗಡಿಯಾರ ಕಳಚಿಡುತ್ತಾರೆ. ಔಪಚಾರಿಕ ಚಹಾಕೂಟಕ್ಕಾದರೆ ತ್ಸುಮುಗಿಯನ್ನು ಬಿಟ್ಟು ಒಂದೇ ಬಣ್ಣದ ನಯವಾದ ಇರೋಮುಜಿ ಉಡುವುದು ಕ್ರಮ.

ಚಳಿಗೆ ಮೇಲೊಂದು ಹಾವೋರಿ ಎಂಬ ಮೇಲಂಗಿ. ಇದನ್ನು ಮನೆಯೊಳಗೂ ತೆಗೆಯಬೇಕಿಲ್ಲ. ಒಳಗೆ ಎತ್ತರ ಕುತ್ತಿಗೆಯ ಸ್ವೆಟರ್, ಕಾಲಿಗೆ ಬೂಟು ಹಾಕುವ ಎಳೆಯರನ್ನು ಕಂಡು ಮುಖ ಸಿಂಡರಿಸುವವರಿದ್ದಾರೆ. ಆದರೆ ನೂರು ವರ್ಷಗಳ ಹಿಂದೆಯೇ ಶಾಲೆಯ ಹುಡುಗಿಯರು ಕಿಮೊನೊ ಮೇಲೆ ಹಕಾಮಾ ಎಂಬ ನೆರಿಗೆಯ ಲಂಗ ಉಟ್ಟು ಬೂಟು ಮೆಟ್ಟಿ ಹೋಗುತ್ತಿದ್ದರು. ಗಂಡಸರ ಕೆಲಸ ಸರಳ: ಓಹಶೋರಿ ಇಲ್ಲ, ಕಿರಿದಾದ ಕಾಕು ಒಬಿಯನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟಿದರೆ ಮುಗಿಯಿತು.

ಸಂದರ್ಭದಷ್ಟೇ ಋತುವೂ ಮುಖ್ಯ. ಅಕ್ಟೋಬರಿನಿಂದ ಮೇವರೆಗೆ ಅಸ್ತರಿ ಇರುವುದು, ಜೂನ್ ಮತ್ತು ಸೆಪ್ಟೆಂಬರಿನಲ್ಲಿ ಅಸ್ತರಿ ಇಲ್ಲದ್ದು, ಜುಲೈ–ಆಗಸ್ಟ್‌ನಲ್ಲಿ ತೆಳ್ಳನೆಯದು. ನೀಗಾತಾದಲ್ಲಿ ರಾಮಿ ನಾರಿನಿಂದ ನೇಯ್ದು ಹಿಮದ ಮೇಲೆ ಹರಡಿ ಬೆಳ್ಳಗಾಗಿಸುವ ಬಟ್ಟೆ ಬೇಸಿಗೆಗೆಂದೇ ಇರುವುದು. ಈಚೆಗೆ ಸೆಕೆ ಹೆಚ್ಚಿ, ಮೇ ತಿಂಗಳಿಗೇ ಅಸ್ತರಿ ಕಳಚುವವರು ಬಹಳ. ಹೂವಿನ ಚಿತ್ರವನ್ನು ಮಾತ್ರ ಹೂ ಅರಳುವುದಕ್ಕೆ ತುಸು ಮೊದಲೇ ಉಡುವುದು ರಸಿಕತೆ.

ಮನೆಗೆ ಬಂದ ಮೇಲೆ ಕಿಮೊನೊವನ್ನು ಉದ್ದನೆಯ ಕೋಲಿಗೆ ತೂಗುಹಾಕಿ, ಮೈಯ ತೇವ ಆರಿದ ಮೇಲೆ ಹೊಲಿಗೆಗುಂಟ ಮಡಿಸಿ ಕಾಗದದಲ್ಲಿ ಸುತ್ತಿಡುತ್ತಾರೆ. ಹಳತಾದರೆ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಜೋಡಿಸಿ ಮತ್ತೆ ಥಾನು ಮಾಡಿ, ಒಗೆದು, ಬೇಕಿದ್ದರೆ ಗಾಢ ಬಣ್ಣ ಹಾಕಿಸಿ, ಮಗಳ ಅಳತೆಗೆ ಹೊಲಿಸುತ್ತಾರೆ.