ಲಾಕ್‌ಡೌನ್ ಇದ್ದರೂ ಲಕ್ವ ಕಾಯುವುದಿಲ್ಲ

ಮಕ್ಕಳೇ, 2020ರ ಮಾರ್ಚ್ 25ರಂದು ನಮ್ಮ ದೇಶದಲ್ಲೆಲ್ಲ ಲಾಕ್‌ಡೌನ್ ಆರಂಭವಾಯಿತು. ನಿಮ್ಮಲ್ಲಿ ಹಲವರು ಆಗ ಅಂಗನವಾಡಿಗೋ ಒಂದನೇ ತರಗತಿಗೋ ಹೋಗುತ್ತಿದ್ದಿರಿ. ಶಾಲೆ ಮುಚ್ಚಿತು, ಬಸ್ಸು ನಿಂತಿತು, ಸಂತೆ ನಿಂತಿತು. ಕೋವಿಡ್-19 ಎಂಬ ಹೊಸ ರೋಗ ಹರಡದಿರಲೆಂದು ಎಲ್ಲರೂ ಮನೆಯೊಳಗೇ ಇರಬೇಕಾಯಿತು. ಹಾಗಾದರೆ ಉಳಿದ ರೋಗಗಳೂ ಸುಮ್ಮನೆ ಕುಳಿತವೇ?

ಇಲ್ಲ. ಆ ಏಪ್ರಿಲ್‌ನ ಒಂದು ರಾತ್ರಿ ನಮ್ಮ ಬೀದಿಯ ಅಜ್ಜನೊಬ್ಬರು ಊಟ ಮಾಡುವಾಗ ಕೈಯಲ್ಲಿದ್ದ ತುತ್ತು ಜಾರಿ ಬಿತ್ತು. ಮಾತು ತೊದಲಿತು. ಅವರ ಮಗ ನನಗೆ ಫೋನು ಮಾಡಿ, "ಏನು ಮಾಡಲಿ ಸಾರ್?" ಎಂದು ಕೇಳಿದರು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತು ಎಂಬ ಭಯ ಅವರಿಗೂ ಇತ್ತು, ನನಗೂ ಇತ್ತು. "ಸುಸ್ತಿರಬೇಕು, ಬೆಳಗ್ಗೆ ನೋಡೋಣ" ಎಂದುಬಿಟ್ಟೆ. ಬೆಳಗಾಗುವ ಹೊತ್ತಿಗೆ ಅವರ ಬಲಗೈ, ಬಲಗಾಲು ಆಡುತ್ತಿರಲಿಲ್ಲ. ವೈರಸ್ ಬಗ್ಗೆ ಪಾಠ ಮಾಡುವ ನನಗೆ ಆ ರಾತ್ರಿ ಇನ್ನೊಂದು ಗಡಿಯಾರ ಓಡುತ್ತಿರುವುದು ಹೊಳೆಯಲೇ ಇಲ್ಲ. ಆ ಗಡಿಯಾರದ ವಿಷಯವನ್ನು ಇಂದು ತಿಳಿಯೋಣ.

ಪಾರ್ಶ್ವವಾಯು ಎಂದರೇನು?

'ಪಾರ್ಶ್ವ' ಎಂದರೆ ಪಕ್ಕ, ಒಂದು ಬದಿ. ದೇಹದ ಒಂದು ಬದಿ ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುವುದರಿಂದ ಈ ಹೆಸರು ಬಂದಿದೆ. ಹಳ್ಳಿಗಳಲ್ಲಿ ಇದನ್ನು ಲಕ್ವ ಎನ್ನುತ್ತಾರೆ, ವೈದ್ಯರು ಸ್ಟ್ರೋಕ್ ಎನ್ನುತ್ತಾರೆ. ತೊಂದರೆ ಕಾಣುವುದು ಕೈಕಾಲಿನಲ್ಲಿ. ಆದರೆ ಅದು ಹುಟ್ಟುವುದು ಮಿದುಳಿನಲ್ಲಿ.

ದೊಡ್ಡವರ ಮಿದುಳು ಸುಮಾರು 1.4 ಕಿಲೋಗ್ರಾಂ ತೂಗುತ್ತದೆ. ಇದು ದೇಹದ ತೂಕದ ನೂರರಲ್ಲಿ 2 ಭಾಗ ಮಾತ್ರ. ಆದರೆ ನಾವು ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಕ್ಸಿಜನ್‌ನಲ್ಲಿ ಸುಮಾರು ಐದನೇ ಒಂದು ಭಾಗ ಮಿದುಳಿಗೇ ಬೇಕು. ಇದನ್ನು ಕೂಡಿಟ್ಟುಕೊಳ್ಳಲು ಮಿದುಳಿನಲ್ಲಿ ಕಣಜವಿಲ್ಲ. ರಕ್ತ ಪ್ರತಿ ಕ್ಷಣವೂ ಹರಿದು ಬರುತ್ತಲೇ ಇರಬೇಕು.

ಗದ್ದೆಗೆ ನೀರು ಹಾಯಿಸುವುದನ್ನು ನೀವು ನೋಡಿದ್ದೀರಿ. ಕಾಲುವೆಯಲ್ಲಿ ಮಣ್ಣಿನ ಹೆಂಟೆ ಸಿಕ್ಕಿಕೊಂಡರೆ ಮುಂದಿನ ಮಡಿಗೆ ನೀರು ಹೋಗುವುದಿಲ್ಲ. ಕಾಲುವೆಯ ಬದು ಒಡೆದರೆ ನೀರು ಬೇಡದ ಕಡೆ ನುಗ್ಗುತ್ತದೆ. ಮಿದುಳಿನಲ್ಲಿಯೂ ಹೀಗೆ ಎರಡು ಬಗೆ ಇದೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು ಒಂದು ಬಗೆ. ಹೆಚ್ಚಿನವರಲ್ಲಿ ಆಗುವುದು ಇದೇ. ರಕ್ತನಾಳ ಒಡೆದು ರಕ್ತ ಸೋರುವುದು ಇನ್ನೊಂದು ಬಗೆ.

ಮಿದುಳಿನ ಎಡಭಾಗ ದೇಹದ ಬಲಬದಿಯನ್ನು ನಡೆಸುತ್ತದೆ. ಹೆಚ್ಚಿನವರಲ್ಲಿ ಮಾತಿನ ಕೇಂದ್ರವೂ ಎಡಭಾಗದಲ್ಲಿದೆ. ಅಜ್ಜನ ಬಲಗೈ ಮತ್ತು ಮಾತು ಒಟ್ಟಿಗೆ ಕೆಟ್ಟದ್ದು ಏಕೆ ಎಂದು ಈಗ ತಿಳಿಯಿತಲ್ಲವೇ?

ಗಡಿಯಾರದ ಲೆಕ್ಕ

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಪ್ರಕಟವಾದ ಲೆಕ್ಕವೊಂದು ಹೇಳುತ್ತದೆ. ನಿಮ್ಮ ಒಂದು ಪಾಠದ ಅವಧಿ 40 ನಿಮಿಷವಾದರೆ, ಅಷ್ಟರಲ್ಲಿ ಎಷ್ಟು ನರಕೋಶಗಳು ಹೋದವು? ಗುಣಿಸಿ ನೋಡಿ. 7 ಕೋಟಿ 60 ಲಕ್ಷ!

ಆದರೆ ಒಂದು ಸಮಾಧಾನದ ಸಂಗತಿಯೂ ಇದೆ. ನೀರು ನಿಂತ ಮಡಿಯಲ್ಲಿ ಎಲ್ಲ ಪೈರೂ ಒಮ್ಮೆಲೇ ಒಣಗುವುದಿಲ್ಲ. ಕೆಲವು ಒಣಗುತ್ತವೆ, ಹಲವು ಬಾಡಿ ನಿಂತಿರುತ್ತವೆ. ಬೇಗ ನೀರು ಬಿಟ್ಟರೆ ಬಾಡಿದವು ಚೇತರಿಸಿಕೊಳ್ಳುತ್ತವೆ. ಮಿದುಳಿನಲ್ಲೂ ಸತ್ತ ಭಾಗದ ಸುತ್ತ ಹೀಗೆ ಬಾಡಿ ನಿಂತ ನರಕೋಶಗಳಿರುತ್ತವೆ. ಚಿಕಿತ್ಸೆ ಉಳಿಸಿಕೊಳ್ಳುವುದು ಇವುಗಳನ್ನೇ.

ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ರಕ್ತನಾಳಕ್ಕೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ದೊಡ್ಡ ಹೆಪ್ಪಾದರೆ ತೆಳುವಾದ ನಳಿಕೆ ತೂರಿಸಿ ಅದನ್ನು ಹೊರಗೆಳೆಯುವ ವಿಧಾನವೂ ಇದೆ. ಇದು ಆಯ್ದ ಕೆಲವರಿಗೆ 24 ಗಂಟೆಯವರೆಗೂ ಉಪಯೋಗವಾಗಬಹುದು. ಆದರೆ ರಕ್ತನಾಳ ಒಡೆದಿದ್ದರೆ ಹೆಪ್ಪು ಕರಗಿಸುವ ಔಷಧ ಅಪಾಯಕಾರಿ. ಆದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಯಾವ ಬಗೆ ಎಂದು ನೋಡಲೇಬೇಕು. ಇದನ್ನೆಲ್ಲ ಮನೆಯಲ್ಲಿ ಮಾಡಲಾಗದು.

ರೋಗಿಗಳು ಎಲ್ಲಿ ಹೋದರು?

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಮಹಾಸಾಂಕ್ರಾಮಿಕ ಎಂದು ಕರೆಯಿತು. ಬಳಿಕ ಆಸ್ಪತ್ರೆಗಳಲ್ಲಿ ಒಂದು ವಿಚಿತ್ರ ಕಂಡಿತು. ಪಾರ್ಶ್ವವಾಯು ರೋಗಿಗಳು ಕಡಿಮೆಯಾದರು! 70 ದೇಶಗಳ 457 ಆಸ್ಪತ್ರೆಗಳ ಲೆಕ್ಕವನ್ನು ವೈದ್ಯರು ಒಟ್ಟುಗೂಡಿಸಿದರು. ಮಹಾಸಾಂಕ್ರಾಮಿಕಕ್ಕೆ ಮೊದಲಿನ ನಾಲ್ಕು ತಿಂಗಳಲ್ಲಿ 91,373 ರೋಗಿಗಳು ದಾಖಲಾಗಿದ್ದರು. ಮುಂದಿನ ನಾಲ್ಕು ತಿಂಗಳಲ್ಲಿ ಬಂದವರು 80,894 ಮಂದಿ. ಎಂದರೆ 100 ಜನ ಬರುತ್ತಿದ್ದಲ್ಲಿ ಸುಮಾರು 88 ಜನ ಬಂದರು.

ರೋಗವೇ ಕಡಿಮೆಯಾಯಿತೇ? ಹಾಗೆ ನಂಬಲು ಕಾರಣ ಕಾಣುವುದಿಲ್ಲ. ಕೋವಿಡ್ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸಿ ತಾನೇ ಪಾರ್ಶ್ವವಾಯುವನ್ನು ತಂದೊಡ್ಡುತ್ತಿತ್ತು. ನ್ಯೂಯಾರ್ಕ್ ನಗರದ ವೈದ್ಯರು 2020ರ ವಸಂತದಲ್ಲಿ ಎರಡು ವಾರಗಳಲ್ಲಿ 50 ವರ್ಷದೊಳಗಿನ ಐವರು ಇಂತಹ ರೋಗಿಗಳನ್ನು ಕಂಡರು. ಅವರಲ್ಲಿ ಇಬ್ಬರು ಕೊರೊನಾ ಭಯದಿಂದ ಆಂಬುಲೆನ್ಸ್ ಕರೆಯಲು ತಡಮಾಡಿದ್ದರು. ನಮ್ಮ ಬೀದಿಯಲ್ಲಿ ಆದದ್ದೇ ನ್ಯೂಯಾರ್ಕ್‌ನಲ್ಲೂ ಆಗಿತ್ತು!

ಭಯವೊಂದೇ ಕಾರಣವಲ್ಲ. ವಾಹನಗಳಿರಲಿಲ್ಲ. ಒಂಟಿಯಾಗಿದ್ದ ಮುದುಕರನ್ನು ನೋಡಲು ಯಾರೂ ಹೋಗುತ್ತಿರಲಿಲ್ಲ. ಲಕ್ಷಣ ಅಲ್ಪವಾಗಿದ್ದವರು ಮನೆಯಲ್ಲೇ ಉಳಿದರು. ಮುಖಗವಸಿನ ಹಿಂದೆ ಸೊಟ್ಟಗಾದ ಬಾಯಿ ಬೇರೆಯವರಿಗೆ ಕಾಣುವುದೂ ಕಷ್ಟವಿತ್ತು.

ವೈದ್ಯರು ಕಂಡುಕೊಂಡ ದಾರಿ

ಆಸ್ಪತ್ರೆಗಳ ಮುಂದೆ ಕಠಿಣ ಪ್ರಶ್ನೆಯಿತ್ತು. ರೋಗಿಗೆ ಕೋವಿಡ್ ಇದೆಯೋ ಇಲ್ಲವೋ ತಿಳಿಯದು. ಪರೀಕ್ಷೆಯ ಫಲಿತಾಂಶಕ್ಕೆ ಕಾದರೆ ನರಕೋಶಗಳು ಸಾಯುತ್ತವೆ. ಕಾಯದೆ ಹತ್ತಿರ ಹೋದರೆ ವೈದ್ಯರಿಗೂ ದಾದಿಯರಿಗೂ ಸೋಂಕು ತಗಲಬಹುದು.

ಕೆನಡಾದ ಟೊರಾಂಟೊ ನಗರದ ವೈದ್ಯರು 2020ರಲ್ಲಿ ಇದಕ್ಕೊಂದು ಕ್ರಮ ರೂಪಿಸಿ ಪ್ರಕಟಿಸಿದರು. ಅದರ ಹೆಸರು 'ಪ್ರೊಟೆಕ್ಟೆಡ್ ಕೋಡ್ ಸ್ಟ್ರೋಕ್'. ಅದರ ತಿರುಳು ಸರಳ. ಬಂದವರಿಗೆ ಜ್ವರ, ಕೆಮ್ಮು ಇತ್ತೇ ಎಂದು ಕೇಳಬೇಕು. ಮಾತನಾಡಲಾಗದ ರೋಗಿ ಉತ್ತರಿಸುವುದು ಹೇಗೆ? ಅಂಥವರಿಗೆ ಸೋಂಕು ಇರಬಹುದು ಎಂದೇ ತಿಳಿದು ಎಚ್ಚರ ವಹಿಸಬೇಕು. ರೋಗಿಗೆ ಮುಖಗವಸು ಹಾಕಬೇಕು. ಅಗತ್ಯವಿದ್ದಷ್ಟೇ ಜನ ಹತ್ತಿರ ಹೋಗಬೇಕು. ರಕ್ಷಾ ಉಡುಪು ಸರಿಯಾಗಿ ತೊಟ್ಟಿದ್ದಾರೆಯೇ ಎಂದು ನೋಡಲು ಒಬ್ಬರನ್ನು ನೇಮಿಸಬೇಕು. ಉಡುಪು ತೊಡಲು ಕೆಲವು ನಿಮಿಷ ಹೋಗುತ್ತದೆ, ನಿಜ. ಯಾರ ಕೆಲಸ ಯಾವುದು ಎಂದು ಮೊದಲೇ ಅಭ್ಯಾಸ ಮಾಡಿದ್ದರೆ ಆ ನಿಮಿಷಗಳನ್ನು ಬೇರೆಡೆ ಉಳಿಸಬಹುದು.

ದೂರದಿಂದಲೇ ಸಲಹೆ ಪಡೆಯುವುದು ಇನ್ನೊಂದು ದಾರಿ. ನಮ್ಮ ದೇಶದ ಹಿಮಾಚಲ ಪ್ರದೇಶದಲ್ಲಿ ಇದು ಕೋವಿಡ್‌ಗೆ ಮೊದಲೇ, 2014ರಲ್ಲೇ ಆರಂಭವಾಗಿತ್ತು. ಬೆಟ್ಟದ ನಾಡಿನಲ್ಲಿ ಎಲ್ಲ ಕಡೆ ನರರೋಗ ತಜ್ಞರಿಲ್ಲ. ಜಿಲ್ಲಾ ಆಸ್ಪತ್ರೆಯ ವೈದ್ಯರು ಸ್ಕ್ಯಾನ್ ಚಿತ್ರವನ್ನು ಮೊಬೈಲ್ ಫೋನಿನಲ್ಲಿ ತಜ್ಞರಿಗೆ ಕಳಿಸುತ್ತಾರೆ. ತಜ್ಞರು ನೋಡಿ, ಔಷಧ ಕೊಡಬಹುದೇ ಎಂದು ತಿಳಿಸುತ್ತಾರೆ. ಬೆಟ್ಟದ ದೂರಕ್ಕೆ ಹುಡುಕಿದ ಈ ಉಪಾಯ ಸಾಂಕ್ರಾಮಿಕದ ದೂರಕ್ಕೂ ಒಪ್ಪುವಂಥದ್ದು.

ಮನೆಗೆ ಮರಳಿದವರಿಗೂ ಆರೈಕೆ ಬೇಕು. ಕೈಕಾಲಿನ ವ್ಯಾಯಾಮ ನಿಲ್ಲಬಾರದು, ರಕ್ತದೊತ್ತಡದ ಮಾತ್ರೆ ತಪ್ಪಬಾರದು. ಹೀಗೆ ಮನೆಯಿಂದಲೇ ವೈದ್ಯರ ಸಲಹೆ ಪಡೆಯಲು 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಇ-ಸಂಜೀವಿನಿ ಸೇವೆಯನ್ನು ಜನರಿಗೆ ತೆರೆಯಿತು.

ನೀವೇನು ಮಾಡಬಹುದು?

ಆಸ್ಪತ್ರೆ ಎಷ್ಟೇ ಸಿದ್ಧವಾಗಿದ್ದರೂ ರೋಗಿ ಬಾರದಿದ್ದರೆ ಪ್ರಯೋಜನವಿಲ್ಲ. ಮೊದಲು ಗುರುತಿಸಬೇಕಾದವರು ಮನೆಯವರು. ಅದರಲ್ಲಿ ನೀವೂ ಇದ್ದೀರಿ. ಈ ನಾಲ್ಕನ್ನು ನೆನಪಿಡಿ.

ಮುಖ: ನಗಲು ಹೇಳಿ. ಬಾಯಿ ಒಂದು ಕಡೆ ಜೋತಿದೆಯೇ?
ಕೈ: ಎರಡೂ ಕೈ ಎತ್ತಲು ಹೇಳಿ. ಒಂದು ಕೈ ಕೆಳಗಿಳಿಯುತ್ತಿದೆಯೇ?
ಮಾತು: ಒಂದು ಚಿಕ್ಕ ವಾಕ್ಯ ಹೇಳಿಸಿ. ತೊದಲುತ್ತಿದೆಯೇ?
ಸಮಯ: ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಫೋನು ಮಾಡಿ. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಡಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ರೋಗಿಗೆ ನೀರು, ಊಟ, ಮಾತ್ರೆ ಕೊಡಬೇಡಿ. ನುಂಗಲಾಗದೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಎಣ್ಣೆ ತಿಕ್ಕುತ್ತಾ, ಪಾರಿವಾಳದ ರಕ್ತ ಹಚ್ಚುತ್ತಾ ಕೂರುವುದರಿಂದ ಹೊತ್ತು ಹೋಗುತ್ತದೆಯೇ ಹೊರತು ಹೆಪ್ಪು ಕರಗದು. ಲಕ್ಷಣ ತಾನಾಗಿ ಕಡಿಮೆಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ಮುಂದೆ ಬರುವ ದೊಡ್ಡ ಆಘಾತದ ಮುನ್ಸೂಚನೆ ಇರಬಹುದು.

ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಮುಂದೊಮ್ಮೆ ಇನ್ನೊಂದು ಮಹಾಸಾಂಕ್ರಾಮಿಕ ಬರಬಹುದು, ನೆರೆ ಬರಬಹುದು, ದಾರಿ ಕಡಿಯಬಹುದು. ಆಗಲೂ ಮುಖಗವಸು ಕಟ್ಟಿಕೊಳ್ಳಿ, ಕೈ ತೊಳೆಯಿರಿ. ಆದರೆ 108ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ನಮ್ಮ ಬೀದಿಯ ಅಜ್ಜ ಈಗ ಕೋಲು ಹಿಡಿದು ನಡೆಯುತ್ತಾರೆ. ಊಟ ಮಾಡುವುದು ಎಡಗೈಯಿಂದ. ಆ ರಾತ್ರಿ ಫೋನು ಬಂದಾಗ ನಾನು ಹೇಳಬೇಕಾಗಿದ್ದ ಮಾತು, "108ಕ್ಕೆ ಫೋನು ಮಾಡಿ, ಈಗಲೇ" ಎಂಬುದು. ನೀವು ಅದನ್ನು ಇಂದೇ ಮನೆಯಲ್ಲಿ ಎಲ್ಲರಿಗೂ ಹೇಳಿಕೊಡಿ.

ಮಾಡಿ ನೋಡಿ: ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. 'ಮುಖ, ಕೈ, ಮಾತು, ಸಮಯ' ಎಂದು ದೊಡ್ಡದಾಗಿ ಬರೆದ ಚಿತ್ರಪಟ ತಯಾರಿಸಿ, ಶಿಕ್ಷಕರ ನೆರವಿನಿಂದ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಅಂಟಿಸಿ. ನಿಮ್ಮ ಊರಿಗೆ ಹತ್ತಿರದಲ್ಲಿ ಸಿ.ಟಿ. ಸ್ಕ್ಯಾನ್ ಇರುವ ಸರ್ಕಾರಿ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಕಿಲೋಮೀಟರ್ ಎಂದು ಕೇಳಿ ತಿಳಿದು ಅದರ ಕೆಳಗೆ ಬರೆಯಿರಿ.