ದ್ರಾಕ್ಷಿ ತೋಟದ ನಡುವೆ ದಪ್ಪ ಟೈರಿನ ಸವಾರಿ

ಗ್ರಾವೆಲ್ ಬೈಕ್ ಅಂದರೆ ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್ಲು, ಜೊತೆಗೆ 40 ಮಿ.ಮೀ. ಆಸುಪಾಸಿನ ದಪ್ಪ ಟೈರು. ಗಾಳಿ ಸ್ವಲ್ಪ ಕಡಿಮೆ ಹಾಕಿಸಿದರೆ ಜಲ್ಲಿಯ ಮೇಲೂ ಹಿಡಿತ ಸಿಗುತ್ತದೆ, ಕೈ ಜೋಮು ಹಿಡಿಯುವುದಿಲ್ಲ. ಇಂಥ ಸೈಕಲ್ಲಿಗೆ ಫ್ರಾನ್ಸಿನಲ್ಲಿ ಯಾವ ಊರು ಎಂದು ಯಾರಾದರೂ ಕೇಳಿದರೆ ನಾನು ಬರ್ಗಂಡಿ ಪ್ರಾಂತ್ಯದ ಬೋನ್ ಹೆಸರು ಹೇಳುತ್ತೇನೆ.

ಅಲ್ಲಿಂದ ಸಾಂತನೇವರೆಗೆ ಸುಮಾರು 22 ಕಿ.ಮೀ. ಸೈಕಲ್ ದಾರಿಯಿದೆ. ಪೊಮ್ಮಾರ್, ವೊಲ್ನೇ, ಮರ್ಸೋ ಹಳ್ಳಿಗಳನ್ನು ಹಾದು ದ್ರಾಕ್ಷಿ ತೋಟಗಳ ಮಧ್ಯೆಯೇ ಸಾಗುತ್ತದೆ. ಈ ದಾರಿ ಬಹುಪಾಲು ನುಣುಪು. ಜಲ್ಲಿಯೇ ಬೇಕೆನ್ನುವವರು ಪಶ್ಚಿಮದ ಗುಡ್ಡಕ್ಕೆ ತಿರುಗಬೇಕು. ಅಲ್ಲಿ ಸುಣ್ಣಕಲ್ಲಿನ ಹರಳು ಟೈರಿನಡಿ ಕರಕರ ಎನ್ನುತ್ತದೆ. ಮಳೆ ಬಿದ್ದರೆ ಜೇಡಿಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ.

ಇಲ್ಲಿ ಬೆಳೆಯುವುದು ಮುಖ್ಯವಾಗಿ ಪಿನೋ ನ್ವಾರ್ ಮತ್ತು ಶಾರ್ಡನೇ ಎಂಬ ದ್ರಾಕ್ಷಿ ತಳಿಗಳು. ತೋಟದ ಒಂದೊಂದು ತುಂಡಿಗೂ ಅದರದೇ ಹೆಸರು. 2015ರಲ್ಲಿ ಈ ತುಂಡುಗಳಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಇಳಿಜಾರಿನ ನಡುಭಾಗದ ತುಂಡುಗಳಿಗೇ ಹೆಚ್ಚು ಬೆಲೆ. ನೀರು ಚೆನ್ನಾಗಿ ಬಸಿಯುತ್ತದೆ, ಬಿಸಿಲೂ ಹದವಾಗಿ ಬೀಳುತ್ತದೆ. ಎಲ್ಲಿ ಏರು ಶುರುವಾಯಿತೆಂದು ಪೆಡಲ್ ತುಳಿಯುವ ಕಾಲಿಗೆ ತಾನೇ ತಿಳಿಯುತ್ತದೆ.

ಸೆಪ್ಟೆಂಬರಿನ ಕೊಯ್ಲಿನಲ್ಲಿ ಟ್ರ್ಯಾಕ್ಟರಿಗೆ ದಾರಿ ಬಿಡಿ, ಹಣ್ಣಿಗೆ ಕೈ ಹಾಕಬೇಡಿ. ಮಧ್ಯಾಹ್ನ ಹಳ್ಳಿಯ ಅಂಗಡಿಗಳು ಮುಚ್ಚಿರುವುದೇ ಹೆಚ್ಚು. ಬ್ರೆಡ್ಡು, ಚೀಸು ಬೋನ್‌ನಲ್ಲೇ ಕಟ್ಟಿಸಿಕೊಳ್ಳಿ. ವೈನ್ ರುಚಿ ನೋಡುವುದು ಸವಾರಿ ಮುಗಿದ ಮೇಲಿರಲಿ.